ಹೊಟ್ಟೆಯ ಗೋಡೆಗೆ ಒಳಗಿನಿಂದ ತೇಪೆ: ಹರ್ನಿಯಾಕ್ಕೆ ದುರ್ಬೀನು ಶಸ್ತ್ರಕ್ರಿಯೆ



ಕೊಟ್ಟಿಗೆಯಲ್ಲಿ ಎಳೆಗರುವಿನ ಹೊಕ್ಕಳ ಬಳಿ ಲಿಂಬೆಹಣ್ಣಿನಷ್ಟು ಬಾವು ಕಂಡರೆ ನೀವು ಏನು ಮಾಡುತ್ತೀರಿ? ಮರುದಿನವೇ ಪಶುವೈದ್ಯರಿಗೆ ಹೇಳಿ ಕಳಿಸುತ್ತೀರಿ. ಅವರು ಬಂದು ಕರುವನ್ನು ಮಲಗಿಸಿ ಬಾವನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಒಳಗಿನದು ಹಿಂದಕ್ಕೆ ಸರಿದು, ಬೆರಳಿಗೆ ಉಂಗುರದಂಥ ಕಂಡಿಯೊಂದು ಸಿಕ್ಕರೆ ‘ಇದು ಹರ್ನಿಯಾ’ ಎನ್ನುತ್ತಾರೆ.

ಅದೇ ಬಾವು ನಮ್ಮದೇ ಹೊಟ್ಟೆಯ ಮೇಲೆ ಕಂಡಾಗ? ಸೀರೆಯ ನೆರಿಗೆಯಲ್ಲಿ, ಧೋತರದ ಕಟ್ಟಿನಲ್ಲಿ ಮುಚ್ಚಿಕೊಂಡು ವರ್ಷಗಟ್ಟಲೆ ತಿರುಗುತ್ತೇವೆ. ನೋವಿಲ್ಲವಲ್ಲ ಎನ್ನುತ್ತೇವೆ. ಶಸ್ತ್ರಕ್ರಿಯೆ ಎಂದರೆ ಹೊಟ್ಟೆ ಕೊಯ್ಯುತ್ತಾರೆ ಎಂದು ಅಂಜುತ್ತೇವೆ. ಎಲ್ಲಕ್ಕಿಂತ ಹೆಚ್ಚಾಗಿ, ‘ನಾನು ಹಾಸಿಗೆ ಹಿಡಿದರೆ ಎಮ್ಮೆ ಹಿಂಡುವವರು ಯಾರು?’ ಎಂದು ಮುಂದೂಡುತ್ತೇವೆ. ಈ ಪ್ರಶ್ನೆ ಸಣ್ಣದಲ್ಲ. ಹಾಲಿನ ಬಟವಾಡೆಯ ಮೇಲೆ ಸಂಸಾರ ನಡೆಸುವವರಿಗೆ ಒಂದು ತಿಂಗಳ ವಿಶ್ರಾಂತಿ ಎಂದರೆ ಒಂದು ತಿಂಗಳ ಸಂತೆ, ಮಕ್ಕಳ ಫೀಸು, ಸಾಲದ ಕಂತು ಎಲ್ಲವೂ ಅದರಲ್ಲಿವೆ.

ಆದ್ದರಿಂದ ಈ ಲೇಖನದಲ್ಲಿ ಹೊಟ್ಟೆಯ ಹರ್ನಿಯಾ ಎಂದರೇನು, ಯಾವಾಗ ಅದು ಪ್ರಾಣಕ್ಕೆ ಬರುತ್ತದೆ, ಸಣ್ಣ ರಂಧ್ರಗಳ ಮೂಲಕ ಮಾಡುವ ಈಗಿನ ಶಸ್ತ್ರಕ್ರಿಯೆ ಹೇಗೆ ನಡೆಯುತ್ತದೆ, ಅದು ಯಾರಿಗೆ ತಕ್ಕದ್ದು, ಯಾರಿಗೆ ಅಲ್ಲ, ಕೊಟ್ಟಿಗೆಯ ಕೆಲಸ ಕೆಡದಂತೆ ಅದಕ್ಕೆ ದಿನ ಗೊತ್ತುಪಡಿಸುವುದು ಹೇಗೆ ಎಂಬುದನ್ನು ಒಂದೊಂದಾಗಿ ತಿಳಿಯೋಣ.

ಹರ್ನಿಯಾ ಎಂದರೇನು?

ನಮ್ಮ ಹೊಟ್ಟೆಯ ಮುಂಭಾಗ ಒಂದು ಗೋಡೆ ಇದ್ದಂತೆ. ಹೊರಗೆ ಚರ್ಮ, ಅದರ ಕೆಳಗೆ ಕೊಬ್ಬು, ಅದರ ಕೆಳಗೆ ಸ್ನಾಯುಗಳು ಮತ್ತು ಅವುಗಳನ್ನು ಬಿಗಿದಿರುವ ಗಟ್ಟಿ ಪೊರೆ, ಎಲ್ಲಕ್ಕೂ ಒಳಗೆ ಕರುಳನ್ನು ಸುತ್ತಿದ ತೆಳುವಾದ ಪೊರೆ. ಈ ಗೋಡೆಯ ಗಟ್ಟಿ ಪದರು ಎಲ್ಲಿಯಾದರೂ ಸಡಿಲವಾಗಿ ಕಂಡಿ ಬಿದ್ದರೆ, ಒಳಗಿನ ಕೊಬ್ಬಿನ ಪದರು ಅಥವಾ ಕರುಳು ಆ ಕಂಡಿಯಿಂದ ಹೊರಗೆ ತೂರಿ ಚರ್ಮದ ಕೆಳಗೆ ಉಬ್ಬಿ ನಿಲ್ಲುತ್ತದೆ. ಇದೇ ಹರ್ನಿಯಾ. ಜೋಳ ತುಂಬಿದ ಚೀಲದ ಹೊಲಿಗೆ ಬಿಚ್ಚಿದಲ್ಲಿ ಕಾಳು ಮುಂದಕ್ಕೆ ಬಂದಂತೆ.

ಕಂಡಿ ಬೀಳುವ ಜಾಗದ ಮೇಲೆ ಅದಕ್ಕೆ ಹೆಸರು. ಹೊಕ್ಕಳಲ್ಲಿ ಬಂದರೆ ಹೊಕ್ಕಳ ಹರ್ನಿಯಾ. ಹೊಕ್ಕಳ ಮೇಲೆ, ಎದೆಗೂಡಿನ ಕೆಳಗೆ ನಟ್ಟನಡುವೆ ಬಂದರೆ ಮೇಲ್ಹೊಟ್ಟೆಯ ಹರ್ನಿಯಾ. ಹಿಂದೆ ಆಗಿದ್ದ ಶಸ್ತ್ರಕ್ರಿಯೆಯ ಗಾಯ ಮಾಯ್ದ ಕಡೆ ಬಂದರೆ ಗಾಯದ ಹರ್ನಿಯಾ. ಸಿಝೇರಿಯನ್ ಹೆರಿಗೆ, ಗರ್ಭಕೋಶ ತೆಗೆಸಿದ್ದು, ಅಪೆಂಡಿಕ್ಸ್ ಆಪರೇಷನ್ ಇಂಥವುಗಳ ನಂತರ ತಿಂಗಳುಗಳು ಅಥವಾ ವರ್ಷಗಳು ಕಳೆದು ಇದು ಕಾಣಿಸಿಕೊಳ್ಳಬಹುದು. ತೊಡೆಸಂದಿನಲ್ಲಿ ಬರುವುದು ಬೇರೊಂದು ಬಗೆ. ಗಂಡಸರಲ್ಲಿ ಇದೇ ಹೆಚ್ಚು.

ನಿಂತಾಗ, ಕೆಮ್ಮಿದಾಗ, ತಿಣುಕಿದಾಗ ಉಬ್ಬು ದೊಡ್ಡದಾಗುತ್ತದೆ. ಅಂಗಾತ ಮಲಗಿದಾಗ ಒಳಗೆ ಹೋಗುತ್ತದೆ ಅಥವಾ ಚಿಕ್ಕದಾಗುತ್ತದೆ. ಇದು ಅದರ ಮುಖ್ಯ ಗುರುತು.

ಎಳೆಯ ಮಕ್ಕಳ ಹೊಕ್ಕಳ ಹರ್ನಿಯಾ ನಾಲ್ಕೈದು ವರ್ಷ ತುಂಬುವುದರೊಳಗೆ ಬಹುಪಾಲು ತಾನೇ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ನಾಣ್ಯ ಕಟ್ಟುವುದು, ಬಿಗಿಯಾಗಿ ಬಟ್ಟೆ ಸುತ್ತುವುದು ಬೇಡ. ಆದರೆ ಮಕ್ಕಳ ತೊಡೆಸಂದಿನ ಹರ್ನಿಯಾ ಹಾಗಲ್ಲ. ಅದನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ದೊಡ್ಡವರಲ್ಲಿ ಬಂದ ಹರ್ನಿಯಾದ ಕಂಡಿ ತಾನಾಗಿ ಮುಚ್ಚುವುದಿಲ್ಲ. ಈ ಮಾತನ್ನು ಚೆನ್ನಾಗಿ ನೆನಪಿಡಿರಿ.

ಹೈನದ ಕೆಲಸಕ್ಕೂ ಇದಕ್ಕೂ ಏನು ಸಂಬಂಧ?

ಭಾರ ಎತ್ತಿದ ಮಾತ್ರಕ್ಕೆ ಎಲ್ಲರಿಗೂ ಹರ್ನಿಯಾ ಬರುವುದಿಲ್ಲ. ಗೋಡೆಯಲ್ಲಿ ಮೊದಲೇ ಸಡಿಲ ಜಾಗ ಇರಬೇಕು. ಹುಟ್ಟಿನಿಂದ ಬಂದ ಸಡಿಲಿಕೆ, ಮೇಲಿಂದ ಮೇಲೆ ಆದ ಹೆರಿಗೆಗಳು, ಹಳೆಯ ಶಸ್ತ್ರಕ್ರಿಯೆಯ ಗಾಯ, ಬೊಜ್ಜು, ಬೀಡಿ ಸಿಗರೇಟು, ಬಿಡದ ಕೆಮ್ಮು, ಮಲಬದ್ಧತೆ, ವಯಸ್ಸಾದ ಗಂಡಸರಲ್ಲಿ ಮೂತ್ರಕ್ಕೆ ತಿಣುಕುವುದು ಇವೆಲ್ಲ ಕಾರಣಗಳೇ. ಆದರೆ ಒಮ್ಮೆ ಕಂಡಿ ಬಿದ್ದ ಮೇಲೆ ಪ್ರತಿ ಸಲ ಭಾರ ಎತ್ತಿದಾಗಲೂ ಒಳಗಿನ ಒತ್ತಡ ಏರಿ, ಕರುಳು ಕೊಬ್ಬು ಆ ಕಂಡಿಯ ಕಡೆಗೇ ತಳ್ಳಲ್ಪಡುತ್ತವೆ. ಕಂಡಿ ಹಿಗ್ಗುತ್ತದೆ.

ಲೆಕ್ಕ ಹಾಕಿ ನೋಡಿರಿ. 40 ಲೀಟರಿನ ಕ್ಯಾನಿನಲ್ಲಿ ತುಂಬ ಹಾಲಿದ್ದರೆ ಹಾಲಿನದೇ ಸುಮಾರು 41 ಕಿಲೋ. ಕ್ಯಾನಿನ ತೂಕ ಸೇರಿದರೆ 50 ಕಿಲೋದ ಹತ್ತಿರ ಬರುತ್ತದೆ. ಹಸಿ ಮೇವಿನ ಹೊರೆ, ಕಣಿಕೆಯ ಸೂಡುಗಳು, ಹಿಂಡಿಯ ಚೀಲ, ಸೆಗಣಿಯ ಬುಟ್ಟಿ, ನೀರಿನ ಕೊಡ ಇವು ದಿನನಿತ್ಯ ಇದ್ದೇ ಇವೆ. ನಾಲತವಾಡದ ಸುತ್ತಿನ ಹಳ್ಳಿಗಳಲ್ಲಿ ಈ ಭಾರದಲ್ಲಿ ಹೆಚ್ಚಿನ ಪಾಲು ಹೊರುವವರು ತಾಯಂದಿರು. ಹೆರಿಗೆಗಳಿಂದ ಹೊಟ್ಟೆಯ ಗೋಡೆ ಸಡಿಲವಾಗಿರುವುದೂ ಅವರಿಗೇ. ಹೀಗಿರುವಾಗ ಮನೆಯಲ್ಲಿ ಮೊದಲು ವೈದ್ಯರಿಗೆ ತೋರಿಸಿಕೊಳ್ಳಬೇಕಾದವರು ಅವರು. ಆದರೆ ಕೊನೆಗೆ ತೋರಿಸಿಕೊಳ್ಳುವವರೂ ಅವರೇ.

ಯಾವಾಗ ಪ್ರಾಣಾಪಾಯ?

ಹೊರಬಂದ ಕರುಳು ಕಂಡಿಯ ಅಂಚಿಗೆ ಸಿಕ್ಕಿಕೊಂಡು ಹಿಂದಕ್ಕೆ ಹೋಗದೆ ಇದ್ದರೆ ಅದು ಬಿಗಿದುಕೊಳ್ಳುತ್ತದೆ. ಕುಣಿಕೆ ಬಿಗಿದಂತೆ ರಕ್ತದ ಓಡಾಟ ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಕರುಳಿನ ಆ ಭಾಗ ಸತ್ತು ಕೊಳೆಯಲು ತೊಡಗುತ್ತದೆ. ಆಗ ಬರೀ ಕಂಡಿ ಮುಚ್ಚುವ ಕೆಲಸವಲ್ಲ, ಕರುಳನ್ನೇ ಕತ್ತರಿಸಿ ಜೋಡಿಸುವ ಕೆಲಸ, ಜೀವಕ್ಕೆ ಅಪಾಯ.

ಈ ಲಕ್ಷಣಗಳಲ್ಲಿ ಯಾವುದೇ ಕಂಡರೂ ಬೆಳಗಾಗಲಿ ಎಂದು ಕಾಯಬೇಡಿರಿ:
– ಎಂದೂ ಒಳಗೆ ಹೋಗುತ್ತಿದ್ದ ಉಬ್ಬು ಇಂದು ಹೋಗದೆ ಗಟ್ಟಿಯಾಗಿ ನಿಂತಿದೆ;
– ಉಬ್ಬಿನ ಮೇಲೆ ಮುಟ್ಟಲಾಗದಂಥ ನೋವು, ಚರ್ಮ ಕೆಂಪು ಅಥವಾ ನೀಲಿ;
– ಮೇಲಿಂದ ಮೇಲೆ ವಾಂತಿ;
– ಹೊಟ್ಟೆ ಉಬ್ಬರಿಸಿ, ಮಲ ಮತ್ತು ಗಾಳಿ ಎರಡೂ ನಿಂತಿವೆ.

ಆಗ ಏನು ಮಾಡಬಾರದು? ಬಲವಾಗಿ ಒತ್ತಿ ತಿಕ್ಕಿ ಒಳಗೆ ತಳ್ಳಬಾರದು. ಹರಳೆಣ್ಣೆಯನ್ನಾಗಲಿ ಜುಲಾಬಿನ ಗುಳಿಗೆಯನ್ನಾಗಲಿ ಕೊಡಬಾರದು. ಊಟ, ಚಹಾ ಏನನ್ನೂ ಕೊಡದೆ 108 ವಾಹನಕ್ಕೆ ಫೋನು ಮಾಡಿ ಹೊರಡಬೇಕು. ನಾಲತವಾಡದವರು ಮುದ್ದೇಬಿಹಾಳಕ್ಕೆ ಹೋಗಿ, ಅಲ್ಲಿಂದ ಅಗತ್ಯವಿದ್ದರೆ ವಿಜಯಪುರ ಅಥವಾ ಬಾಗಲಕೋಟೆ ಮುಟ್ಟುವಷ್ಟರಲ್ಲಿ ಅಮೂಲ್ಯವಾದ ಗಂಟೆಗಳು ಕಳೆಯುತ್ತವೆ. ದೊಡ್ಡ ದವಾಖಾನೆಯಿಂದ ದೂರ ಇರುವ ನಮ್ಮಂಥವರು ಹರ್ನಿಯಾವನ್ನು ಅವಸರದ ದಿನಕ್ಕೆ ಬಿಡದೆ, ಆರಾಮವಾಗಿರುವಾಗಲೇ ತೋರಿಸಿ ಗೊತ್ತುಮಾಡಿದ ದಿನ ಸರಿಪಡಿಸಿಕೊಳ್ಳುವುದು ಜಾಣತನ ಎನ್ನುವುದು ಇದಕ್ಕೇ.

ಹಾಗೆಂದು ಹರ್ನಿಯಾ ಇದ್ದವರೆಲ್ಲ ನಾಳೆಯೇ ಶಸ್ತ್ರಕ್ರಿಯೆಗೆ ಓಡಬೇಕಿಲ್ಲ. ಚಿಕ್ಕದಾಗಿದ್ದು ಯಾವ ತೊಂದರೆಯೂ ಕೊಡದ ಕೆಲವು ಹರ್ನಿಯಾಗಳನ್ನು ವೈದ್ಯರು ‘ನೋಡಿಕೊಂಡಿರೋಣ’ ಎನ್ನುವುದುಂಟು. ಆದರೆ ಆ ಮಾತನ್ನು ಹೇಳಬೇಕಾದವರು ಪರೀಕ್ಷಿಸಿದ ಶಸ್ತ್ರವೈದ್ಯರು. ನಾವೇ ಮನೆಯಲ್ಲಿ ಕುಳಿತು ಹೇಳಿಕೊಳ್ಳುವುದಲ್ಲ.

ಔಷಧ, ಪಟ್ಟಿ, ಲೇಪ?

ಗೋಡೆಯ ಕಂಡಿಯನ್ನು ಮುಚ್ಚುವ ಗುಳಿಗೆ ಇಲ್ಲ, ಲೇಪವಿಲ್ಲ, ಕಷಾಯವಿಲ್ಲ. ಸೊಂಟಕ್ಕೆ ಕಟ್ಟುವ ಪಟ್ಟಿ ಉಬ್ಬನ್ನು ತಾತ್ಕಾಲಿಕವಾಗಿ ಒಳಗೆ ಹಿಡಿದೀತು, ಗುಣಪಡಿಸದು. ಒಳಗೆ ಹೋಗದ ಉಬ್ಬಿನ ಮೇಲೆ ಪಟ್ಟಿ ಬಿಗಿದರೆ ಕರುಳಿಗೇ ಪೆಟ್ಟು. ವಯಸ್ಸು ಅಥವಾ ಹೃದಯದ ಕಾಯಿಲೆಯಿಂದ ಶಸ್ತ್ರಕ್ರಿಯೆ ಮಾಡಲಾಗದವರಿಗೆ ವೈದ್ಯರೇ ಹೇಳಿದರೆ ಮಾತ್ರ ಅದನ್ನು ಬಳಸಿರಿ.

ಹೊಲಿಗೆಯಿಂದ ಜಾಳಿಗೆಗೆ

ಮೊದಲು ಹರ್ನಿಯಾದ ಮೇಲೆ ಉದ್ದಕ್ಕೆ ಕೊಯ್ದು, ಹೊರಬಂದದ್ದನ್ನು ಒಳಗೆ ಹಾಕಿ, ಕಂಡಿಯ ಎರಡೂ ಅಂಚುಗಳನ್ನು ಎಳೆದು ಹೊಲಿಯುತ್ತಿದ್ದರು. ಹಳೆಯ ಬಟ್ಟೆಯ ಹರಕನ್ನು ಎಳೆದು ಹೊಲಿದರೆ ಏನಾಗುತ್ತದೆ? ಹೊಲಿಗೆಯ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ಹರ್ನಿಯಾದಲ್ಲೂ ಹಾಗೆಯೇ ಆಗಿ ಬಹಳ ಜನರಿಗೆ ಮರುಕಳಿಸುತ್ತಿತ್ತು.

1958ರಲ್ಲಿ ಅಮೆರಿಕದ ಶಸ್ತ್ರವೈದ್ಯ ಫ್ರಾನ್ಸಿಸ್ ಅಷರ್ ಎಂಬವರು ಪ್ಲಾಸ್ಟಿಕ್ ಎಳೆಗಳಿಂದ ಹೆಣೆದ ಜಾಳಿಗೆಯನ್ನು ತೇಪೆಯಾಗಿ ಇಡುವ ಕ್ರಮವನ್ನು ಪ್ರಕಟಿಸಿದರು. ಮುಂದೆ ಪಾಲಿಪ್ರೊಪಿಲೀನ್ ಜಾಳಿಗೆ ಎಲ್ಲ ಕಡೆ ಬಳಕೆಗೆ ಬಂತು. ಅದರ ಕಣ್ಣುಗಳೊಳಗೆ ನಮ್ಮ ದೇಹದ ಎಳೆಗಳೇ ಬೆಳೆದು ಹೆಣೆದುಕೊಂಡು, ಕೆಲವು ವಾರಗಳಲ್ಲಿ ತೇಪೆ ಗೋಡೆಯ ಭಾಗವೇ ಆಗಿಬಿಡುತ್ತದೆ. ತೀರ ಚಿಕ್ಕ ಕಂಡಿಗೆ ಹೊಲಿಗೆ ಸಾಕಾದೀತು. ಒಂದು ಸೆಂಟಿಮೀಟರಿಗಿಂತ ದೊಡ್ಡದಾದ ಹೊಕ್ಕಳ ಕಂಡಿಗೆ ಜಾಳಿಗೆ ಇಡುವುದೇ ಒಳ್ಳೆಯದೆಂದು ಈಗಿನ ತಜ್ಞರ ಅಭಿಪ್ರಾಯ.

ತೇಪೆಯನ್ನು ಹೊರಗಿನಿಂದ ಹಾಕಬೇಕೆ, ಒಳಗಿನಿಂದಲೆ? ಮತ್ತೆ ಜೋಳದ ಚೀಲವನ್ನೇ ನೆನೆಯಿರಿ. ಚೀಲದ ತೂತಿಗೆ ಹೊರಗಿನಿಂದ ತೇಪೆ ಹಚ್ಚಿದರೆ ಒಳಗಿನ ಕಾಳಿನ ಭಾರ ಅದನ್ನು ಕಿತ್ತೊಗೆಯಲು ನೋಡುತ್ತದೆ. ಒಳಗಿನಿಂದ ದೊಡ್ಡ ತೇಪೆ ಇಟ್ಟರೆ ಅದೇ ಭಾರ ಅದನ್ನು ಚೀಲಕ್ಕೆ ಒತ್ತಿ ಹಿಡಿಯುತ್ತದೆ. ಹೊಟ್ಟೆಯಲ್ಲೂ ಹೀಗೆಯೇ. ಹೊಟ್ಟೆಯನ್ನು ಉದ್ದಕ್ಕೆ ತೆರೆಯದೆ ಒಳಗಿನಿಂದ ತೇಪೆ ಹಾಕುವ ದಾರಿಯೇ ದುರ್ಬೀನು ಶಸ್ತ್ರಕ್ರಿಯೆ.

ದುರ್ಬೀನು ಶಸ್ತ್ರಕ್ರಿಯೆ ನಡೆಯುವ ಬಗೆ

ಇದು ನಿಮಗೆ ತೀರ ಹೊಸದಲ್ಲ. ಕುಟುಂಬ ಯೋಜನೆಯ ಶಿಬಿರಗಳಲ್ಲಿ ಹೊಕ್ಕಳ ಬಳಿ ಚಿಕ್ಕ ರಂಧ್ರ ಮಾಡಿ ದುರ್ಬೀನಿನಿಂದ ಮಾಡುವ ಆಪರೇಷನ್ನು ನಮ್ಮ ಅನೇಕ ತಾಯಂದಿರಿಗೆ ಗೊತ್ತು. ಅದಕ್ಕೇ ವೈದ್ಯರು ಲ್ಯಾಪರೊಸ್ಕೋಪಿ ಎನ್ನುತ್ತಾರೆ. ಮುಂದೆ ದುರ್ಬೀನಿಗೆ ಚಿಕ್ಕ ಕ್ಯಾಮರಾ ಸೇರಿತು, ಒಳಗಿನದೆಲ್ಲ ಟಿ.ವಿ. ಪರದೆಯ ಮೇಲೆ ದೊಡ್ಡದಾಗಿ ಕಾಣತೊಡಗಿತು, ದೊಡ್ಡ ಶಸ್ತ್ರಕ್ರಿಯೆಗಳೂ ಇದೇ ದಾರಿಗೆ ಬಂದವು. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅವರು ಮೊದಲ ಬಾರಿಗೆ ಪಿತ್ತಕೋಶವನ್ನು ಹೀಗೆ ತೆಗೆದರು. ಹೊಟ್ಟೆಯ ಗೋಡೆಯ ಹರ್ನಿಯಾಕ್ಕೆ ದುರ್ಬೀನಿನಿಂದ ಜಾಳಿಗೆ ಇಡುವ ಕ್ರಮವನ್ನು ಅಮೆರಿಕದ ಡಾ. ಕಾರ್ಲ್ ಲಬ್ಲಾಂಕ್ ಮತ್ತು ಡಾ. ವಿಲಿಯಂ ಬೂತ್ 1993ರಲ್ಲಿ ಪ್ರಕಟಿಸಿದರು.

ಕೆಲಸ ನಡೆಯುವ ಕ್ರಮ ಹೀಗಿದೆ:

1. ಪೂರ್ತಿ ಅರಿವಳಿಕೆ ಕೊಡುತ್ತಾರೆ. ಬೆನ್ನಿಗೆ ಕೊಡುವ ಇಂಜೆಕ್ಷನ್ ಸಾಮಾನ್ಯವಾಗಿ ಇದಕ್ಕೆ ಸಾಲದು.

2. ಹರ್ನಿಯಾದಿಂದ ದೂರ, ಹೊಟ್ಟೆಯ ಪಕ್ಕದಲ್ಲಿ ಒಂದು ಚಿಕ್ಕ ರಂಧ್ರ ಮಾಡಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹದವಾದ ಒತ್ತಡದಲ್ಲಿ ತುಂಬುತ್ತಾರೆ. ಹೊಟ್ಟೆ ಡೇರೆಯಂತೆ ಮೇಲೇಳುತ್ತದೆ; ಕರುಳು ಕೆಳಗೆ ಉಳಿಯುತ್ತದೆ; ನಡುವೆ ಕೆಲಸಕ್ಕೆ ಜಾಗ ಸಿಗುತ್ತದೆ.

3. ಅರ್ಧದಿಂದ ಒಂದು ಸೆಂಟಿಮೀಟರಿನಷ್ಟು ಅಗಲದ ಮೂರು ನಾಲ್ಕು ರಂಧ್ರಗಳಿಂದ ದುರ್ಬೀನು ಮತ್ತು ಉದ್ದನೆಯ ಸಲಕರಣೆಗಳನ್ನು ಒಳಗೆ ಬಿಡುತ್ತಾರೆ.

4. ಕಂಡಿಯಲ್ಲಿ ತೂರಿದ್ದ ಕರುಳು, ಕೊಬ್ಬನ್ನು ನಿಧಾನವಾಗಿ ಬಿಡಿಸಿ ಹಿಂದಕ್ಕೆ ಎಳೆಯುತ್ತಾರೆ. ಇಡೀ ಗೋಡೆಯನ್ನು ಒಳಗಿನಿಂದ ನೋಡುವುದರಿಂದ ಹೊರಗೆ ಕೈಗೆ ಸಿಗದ ಬೇರೆ ಸಣ್ಣ ಕಂಡಿಗಳಿದ್ದರೂ ಕಾಣುತ್ತವೆ. ಹಳೆಯ ಗಾಯದ ಹರ್ನಿಯಾದಲ್ಲಿ ಇದು ದೊಡ್ಡ ಅನುಕೂಲ.

5. ಸಾಧ್ಯವಾದಲ್ಲಿ ಕಂಡಿಯನ್ನು ಹೊಲಿದು ಮುಚ್ಚಿ, ಅದರ ಮೇಲೆ ಒಳಗಿನಿಂದ ಜಾಳಿಗೆ ಹಾಸುತ್ತಾರೆ. ಜಾಳಿಗೆ ಕಂಡಿಯ ಅಂಚಿನಿಂದ ಸುತ್ತಲೂ ಸುಮಾರು 5 ಸೆಂಟಿಮೀಟರ್ ಹೆಚ್ಚಿಗೆ ಇರಬೇಕು. ಅಂದರೆ 3 ಸೆಂಟಿಮೀಟರಿನ ಕಂಡಿಗೆ 13 ಸೆಂಟಿಮೀಟರಿನಷ್ಟು ಅಗಲದ ಜಾಳಿಗೆ ಬೇಕು. ಇದನ್ನು ಹೊಲಿಗೆಯಿಂದ ಅಥವಾ ಸಣ್ಣ ಮೊಳೆಯಂಥ ಬಿಗಿಗಳಿಂದ ಗೋಡೆಗೆ ಹಿಡಿಸುತ್ತಾರೆ.

6. ಅನಿಲವನ್ನು ಬಿಟ್ಟು ರಂಧ್ರಗಳನ್ನು ಮುಚ್ಚುತ್ತಾರೆ.

ಕರುಳಿಗೆ ನೇರವಾಗಿ ತಾಗುವ ಜಾಗದಲ್ಲಿ ಸಾದಾ ಜಾಳಿಗೆ ಇಡುವಂತಿಲ್ಲ. ಕರುಳು ಅದಕ್ಕೆ ಅಂಟಿಕೊಂಡು ಮುಂದೆ ತೊಂದರೆ ಕೊಡುತ್ತದೆ. ಅದಕ್ಕಾಗಿ ಕರುಳಿನ ಕಡೆಗೆ ಅಂಟದಂಥ ಲೇಪ ಇರುವ ವಿಶೇಷ ಜಾಳಿಗೆ ಬೇಕು. ಅದರ ಬೆಲೆ ಹೆಚ್ಚು. ಈಚಿನ ವರ್ಷಗಳಲ್ಲಿ ನುರಿತ ಶಸ್ತ್ರವೈದ್ಯರು ದುರ್ಬೀನಿನಿಂದಲೇ ಗೋಡೆಯ ಪದರುಗಳನ್ನು ಬಿಡಿಸಿ, ಅವುಗಳ ನಡುವೆ ಜಾಳಿಗೆ ಹುದುಗಿಸುವ ಕ್ರಮವನ್ನೂ ಮಾಡುತ್ತಿದ್ದಾರೆ. ಅಲ್ಲಿ ಜಾಳಿಗೆ ಕರುಳಿಗೆ ತಾಗುವುದಿಲ್ಲವಾದ್ದರಿಂದ ಸಾದಾ ಜಾಳಿಗೆ ನಡೆಯುತ್ತದೆ.

ಲಾಭವೆಷ್ಟು, ಮಿತಿ ಏನು?

ಹೊಸದೆಂದ ಮಾತ್ರಕ್ಕೆ ಎಲ್ಲಕ್ಕೂ ಮೇಲು ಎಂದು ತಿಳಿಯಬಾರದು. ಎರಡೂ ಕಡೆ ನೋಡಿರಿ.

ಮುಖ್ಯ ಲಾಭವೆಂದರೆ ಗಾಯ ಕೀವು ಹಿಡಿಯುವುದು ಬಹಳ ಕಡಿಮೆ. ಉದ್ದನೆಯ ಗಾಯವಿದ್ದಲ್ಲಿ ಸೋಂಕು ತಗಲಿ ಅದು ಜಾಳಿಗೆಗೆ ಇಳಿದರೆ ಜಾಳಿಗೆಯನ್ನೇ ತೆಗೆಯಬೇಕಾದೀತು. ಬೊಜ್ಜು ಇರುವವರಿಗೆ, ಸಕ್ಕರೆ ಕಾಯಿಲೆಯವರಿಗೆ, ಕೊಟ್ಟಿಗೆಯ ಸೆಗಣಿ ಗಂಜಲದ ನಡುವೆ ದುಡಿಯುವವರಿಗೆ ಇದು ದೊಡ್ಡ ಮಾತು. ದವಾಖಾನೆಯಲ್ಲಿ ಇರಬೇಕಾದ ದಿನಗಳೂ ಕಡಿಮೆ. ತೊಡಕಿಲ್ಲದಿದ್ದರೆ ಒಂದೆರಡು ದಿನಗಳಲ್ಲಿ ಮನೆಗೆ ಬರಬಹುದು.

ಹರ್ನಿಯಾ ಮರುಕಳಿಸುವ ವಿಷಯದಲ್ಲಿ ಮಾತ್ರ ಜಾಳಿಗೆ ಇಟ್ಟು ಚೆನ್ನಾಗಿ ಮಾಡಿದ ತೆರೆದ ಶಸ್ತ್ರಕ್ರಿಯೆಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಮೊದಲ ಕೆಲವು ದಿನಗಳಲ್ಲಿ ಜಾಳಿಗೆ ಬಿಗಿದಲ್ಲಿ ನೋವು ಇದ್ದೇ ಇರುತ್ತದೆ. ಅಪರೂಪವಾಗಿ, ಅಂಟಿಕೊಂಡ ಕರುಳನ್ನು ಬಿಡಿಸುವಾಗ ಅದಕ್ಕೆ ಗಾಯವಾಗಬಹುದು. ಒಮ್ಮೊಮ್ಮೆ ದುರ್ಬೀನಿನಿಂದ ಆರಂಭಿಸಿ, ಸುರಕ್ಷಿತವಲ್ಲವೆಂದು ಕಂಡು ತೆರೆದ ಕ್ರಮಕ್ಕೆ ಹೋಗಬೇಕಾಗುತ್ತದೆ. ಅದು ವೈದ್ಯರ ಸೋಲಲ್ಲ, ವಿವೇಕ.

ಕರುಳು ಬಿಗಿದು ಕೊಳೆತಿರುವ ಶಂಕೆ ಇದ್ದಾಗ, ಕಂಡಿ ಬಹಳ ಅಗಲವಾಗಿ ಹೊಟ್ಟೆಯೊಳಗಿನದೆಲ್ಲ ಹೊರಗೆ ಬಂದಿರುವಾಗ, ಹಿಂದೆ ಅನೇಕ ಶಸ್ತ್ರಕ್ರಿಯೆಗಳಾಗಿ ಒಳಗೆಲ್ಲ ಅಂಟಿಕೊಂಡಿರುವಾಗ, ಹೃದಯ ಶ್ವಾಸಕೋಶಗಳು ಪೂರ್ತಿ ಅರಿವಳಿಕೆಯನ್ನು ತಾಳದಿರುವಾಗ ತೆರೆದ ಶಸ್ತ್ರಕ್ರಿಯೆಯೇ ಮೇಲಾಗಬಹುದು. ಚಿಕ್ಕ ಹೊಕ್ಕಳ ಹರ್ನಿಯಾವನ್ನೂ ಚಿಕ್ಕ ಗಾಯದಿಂದ ತೆರೆದೇ ಸರಿಪಡಿಸಬಹುದು. ಆದ್ದರಿಂದ ‘ದುರ್ಬೀನಿನದೇ ಬೇಕು’ ಎಂದು ಹಟ ಹಿಡಿಯುವುದೂ ಬೇಡ, ‘ಅದು ಶ್ರೀಮಂತರದು’ ಎಂದು ಕೈಬಿಡುವುದೂ ಬೇಡ.

ತೊಡೆಸಂದಿನ ಹರ್ನಿಯಾಕ್ಕೂ ದುರ್ಬೀನಿನಿಂದ ಜಾಳಿಗೆ ಇಡುವ ಕ್ರಮವಿದೆ. ಎರಡೂ ಬದಿಗೆ ಇದ್ದವರಿಗೆ, ತೆರೆದ ಶಸ್ತ್ರಕ್ರಿಯೆಯಾಗಿ ಮರುಕಳಿಸಿದವರಿಗೆ ಇದು ಹೆಚ್ಚು ಅನುಕೂಲ. ಹೆಂಗಸರಲ್ಲಿ ತೊಡೆಯ ಬುಡದಲ್ಲಿ ಬರುವ ಚಿಕ್ಕ ಹರ್ನಿಯಾ ಬೇಗ ಬಿಗಿದುಕೊಳ್ಳುವ ಸ್ವಭಾವದ್ದು. ಅದನ್ನು ಬರೀ ಗಂಟು ಎಂದು ಬಿಡಬಾರದು.

ಖರ್ಚಿನ ಮಾತು

ದುರ್ಬೀನು ಶಸ್ತ್ರಕ್ರಿಯೆಯ ಖರ್ಚು ಹೆಚ್ಚಾಗಲು ಮುಖ್ಯ ಕಾರಣ ಲೇಪದ ಜಾಳಿಗೆ ಮತ್ತು ಅದನ್ನು ಬಿಗಿಯುವ ಸಲಕರಣೆ. ತೆರೆದ ಶಸ್ತ್ರಕ್ರಿಯೆಯ ಸಾದಾ ಜಾಳಿಗೆಯನ್ನು ಅಗ್ಗವಾಗಿಸುವ ಪ್ರಯತ್ನ ನಮ್ಮ ನೆರೆಯಲ್ಲೇ ನಡೆದದ್ದು ತಿಳಿಯತಕ್ಕದ್ದು. ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚದ ಗ್ರಾಮೀಣ ಶಸ್ತ್ರವೈದ್ಯ ಡಾ. ರವೀಂದ್ರನಾಥ ತೊಂಗಾವಕರ ಮತ್ತು ಸಂಗಡಿಗರು ಸೊಳ್ಳೆ ಪರದೆಯ ಬಟ್ಟೆಯನ್ನು ಕ್ರಮವಾಗಿ ಶುದ್ಧೀಕರಿಸಿ ಜಾಳಿಗೆಯಾಗಿ ಬಳಸಿದ ಅನುಭವವನ್ನು 2003ರಲ್ಲಿ ಪ್ರಕಟಿಸಿದರು. 2016ರಲ್ಲಿ ಪ್ರಕಟವಾದ ಉಗಾಂಡಾ ದೇಶದ ಅಧ್ಯಯನವೊಂದರಲ್ಲಿ ತೊಡೆಸಂದಿನ ಹರ್ನಿಯಾದ 302 ಗಂಡಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಂಪನಿಯ ಜಾಳಿಗೆ, ಇನ್ನೊಂದಕ್ಕೆ ಇಂಥ ಅಗ್ಗದ ಜಾಳಿಗೆ ಇಟ್ಟು ನೋಡಿದರು. ಒಂದು ವರ್ಷದ ನಂತರ ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ಆದರೆ ಇವೆಲ್ಲ ತೆರೆದ ಶಸ್ತ್ರಕ್ರಿಯೆಗಳು. ಹೊಟ್ಟೆಯ ಒಳಗಡೆ, ಕರುಳಿಗೆ ತಾಗುವಂತೆ ಇಡುವ ಜಾಳಿಗೆಯ ವಿಷಯ ಬೇರೆ. ಅಲ್ಲಿ ಲೇಪವಿರುವುದೇ ಬೇಕು.

ಸಹಕಾರಿ ಸದಸ್ಯರಾದ ನಮಗೆ ಒಂದು ಆಸರೆ ಇದೆ. ಡಾ. ದೇವಿ ಶೆಟ್ಟಿ ಅವರ ಪ್ರೇರಣೆಯಿಂದ ರೂಪುಗೊಂಡ ಯಶಸ್ವಿನಿ ಸಹಕಾರಿ ರೈತರ ಆರೋಗ್ಯ ರಕ್ಷಣಾ ಯೋಜನೆ 2003ರ ಜೂನ್ 1ರಿಂದ ರಾಜ್ಯದಲ್ಲಿ ಜಾರಿಗೆ ಬಂತು. ಮೊದಲ ವರ್ಷ ಒಬ್ಬ ಸದಸ್ಯರ ವಂತಿಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ 5 ರೂಪಾಯಿ. ಸುಮಾರು 16 ಲಕ್ಷ ಜನ ಹೆಸರು ಹಚ್ಚಿದರು. ಹನಿ ಹನಿ ಹಾಲು ಸೇರಿ ಕ್ಯಾನು ತುಂಬುವಂತೆ ಐದೈದು ರೂಪಾಯಿ ಸೇರಿ ಬಡ ರೈತರ ಶಸ್ತ್ರಕ್ರಿಯೆಗಳು ನಡೆದವು. 2018ರಲ್ಲಿ ಈ ಯೋಜನೆ ನಿಂತು ಆರೋಗ್ಯ ಕರ್ನಾಟಕದಲ್ಲಿ ಸೇರಿತು. 2022–23ರ ಮುಂಗಡಪತ್ರದಲ್ಲಿ ಮತ್ತೆ ಘೋಷಣೆಯಾಗಿ, 2023ರ ಜನವರಿಯಿಂದ ಪುನಃ ಜಾರಿಗೆ ಬಂತು. ಮರುಜಾರಿಯ ಸಮಯದಲ್ಲಿ ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ವಂತಿಗೆ, ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಎಂದು ಗೊತ್ತುಮಾಡಲಾಗಿತ್ತು.

ಹೆಸರು ನೋಂದಾಯಿಸಲು ಪ್ರತಿ ವರ್ಷ ಅವಧಿ ಗೊತ್ತುಮಾಡುತ್ತಾರೆ. ಅದು ಮುಗಿದ ಮೇಲೆ ಕಾಯಿಲೆ ಬಂದರೆ ಪರಿತಪಿಸಿ ಫಲವಿಲ್ಲ. ನಿಮ್ಮ ಸಂಘದ ಕಾರ್ಯದರ್ಶಿಯವರಲ್ಲಿ ಈ ವರ್ಷದ ದಿನಾಂಕ ಮತ್ತು ವಂತಿಗೆ ಕೇಳಿಕೊಳ್ಳಿರಿ. ಬಿಪಿಎಲ್ ಕಾರ್ಡು ಇದ್ದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಸೌಲಭ್ಯವನ್ನೂ ವಿಚಾರಿಸಿರಿ. ಶಸ್ತ್ರಕ್ರಿಯೆಗೆ ಸೇರುವ ಮೊದಲೇ ಎರಡು ಮಾತು ಸ್ಪಷ್ಟವಾಗಿ ಕೇಳಬೇಕು: ಈ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯೆ? ನನಗೆ ಹೇಳಿರುವ ಬಗೆಯ ಶಸ್ತ್ರಕ್ರಿಯೆ ಮತ್ತು ಜಾಳಿಗೆ ಎರಡೂ ಅದರಲ್ಲಿ ಸೇರಿವೆಯೆ, ಅಥವಾ ಜಾಳಿಗೆಯ ಹಣ ಬೇರೆ ಕಟ್ಟಬೇಕೆ?

ದಿನ ಗೊತ್ತುಪಡಿಸುವುದು ಹೇಗೆ?

ಇದು ಹೈನುಗಾರರಿಗೆ ಮಾತ್ರ ಹೊಳೆಯುವ ಉಪಾಯ. ಗಬ್ಬದ ಆಕಳು, ಎಮ್ಮೆಗಳನ್ನು ಈಯುವ ಎರಡು ತಿಂಗಳ ಮೊದಲು ಹಾಲು ಬತ್ತಿಸುತ್ತೀರಲ್ಲವೆ? ಸುಮಾರು 60 ದಿನಗಳ ಆ ಅವಧಿಯಲ್ಲಿ ಹಿಂಡುವ ಕೆಲಸವಿಲ್ಲ. ಹೊಟ್ಟೆಯ ಗೋಡೆ ಗಟ್ಟಿಯಾಗಲು ಬೇಕಾದದ್ದು ಸುಮಾರು ಆರು ವಾರ. ಎರಡೂ ಹೊಂದುತ್ತವೆ. ಒಂದೆರಡೇ ದನ ಇರುವ ಮನೆಯವರು, ವೈದ್ಯರು ‘ಅವಸರವಿಲ್ಲ’ ಎಂದಿದ್ದರೆ, ಹಾಲು ಬತ್ತಿಸಿದ ಮೊದಲ ವಾರದಲ್ಲೇ ಶಸ್ತ್ರಕ್ರಿಯೆಗೆ ದಿನ ಕೇಳಿಕೊಳ್ಳಿರಿ. ಕರು ಹುಟ್ಟುವ ಹೊತ್ತಿಗೆ ನೀವೂ ಎದ್ದಿರುತ್ತೀರಿ. ಹಿಂಗಾರಿ ಜೋಳದ ಸುಗ್ಗಿ, ತೊಗರಿ ಕೊಯ್ಲಿನ ದಿನಗಳನ್ನು ತಪ್ಪಿಸಿರಿ. ಬಿಗಿದುಕೊಂಡ ಲಕ್ಷಣ ಕಂಡರೆ ಮಾತ್ರ ಯಾವ ಲೆಕ್ಕವೂ ಇಲ್ಲ, ಅಂದೇ ಹೊರಡಬೇಕು.

ಅದಕ್ಕೂ ಮುಂಚಿನ ನಾಲ್ಕು ವಾರಗಳಲ್ಲಿ ಬೀಡಿ ಸಿಗರೇಟು ಪೂರ್ತಿ ಬಿಡಬೇಕು; ಹೊಗೆಯಿಂದ ಗಾಯ ಮಾಯುವುದು ತಡ, ಕೆಮ್ಮಿನಿಂದ ಹೊಲಿಗೆಗೆ ಪೆಟ್ಟು. ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತರಬೇಕು. ಕೆಮ್ಮು, ಮಲಬದ್ಧತೆ, ಮೂತ್ರದ ತೊಂದರೆಗೆ ಮೊದಲೇ ಚಿಕಿತ್ಸೆ ಪಡೆಯಬೇಕು. ಬೊಜ್ಜು ಇದ್ದವರು ಸಾಧ್ಯವಾದಷ್ಟು ತೂಕ ಇಳಿಸಬೇಕು. ಇನ್ನೂ ಮಕ್ಕಳು ಬೇಕೆನ್ನುವ ತಾಯಂದಿರು ಅದನ್ನು ವೈದ್ಯರಿಗೆ ಹೇಳಬೇಕು. ತೊಂದರೆ ಇಲ್ಲದ ಹರ್ನಿಯಾವನ್ನು ಹೆರಿಗೆಗಳು ಮುಗಿದ ಮೇಲೆ ಸರಿಪಡಿಸುವುದು ಸಾಮಾನ್ಯವಾಗಿ ಒಳ್ಳೆಯದು.

ಮನೆಗೆ ಬಂದ ಮೇಲೆ

ಶಸ್ತ್ರಕ್ರಿಯೆಯಾದ ಸಂಜೆಯೇ ಎಬ್ಬಿಸಿ ನಡೆಸುತ್ತಾರೆ. ಭುಜದಲ್ಲಿ ನೋವು ಬಂದರೆ ಅಂಜಬೇಡಿರಿ. ಅದು ತುಂಬಿದ್ದ ಅನಿಲದ ಪರಿಣಾಮ, ಒಂದೆರಡು ದಿನದಲ್ಲಿ ಹೋಗುತ್ತದೆ. ಹರ್ನಿಯಾ ಇದ್ದ ಜಾಗದಲ್ಲೇ ಮತ್ತೆ ಮೆತ್ತನೆಯ ಬಾವು ಕಾಣಬಹುದು. ಬಹಳ ಸಲ ಅದು ಖಾಲಿಯಾದ ಜಾಗದಲ್ಲಿ ನಿಂತ ನೀರು. ವಾರಗಳಲ್ಲಿ ತಾನೇ ಇಂಗುತ್ತದೆ. ಯಾರ ಮಾತು ಕೇಳಿಯೂ ಅದಕ್ಕೆ ಸೂಜಿ ಚುಚ್ಚಿಸಬೇಡಿರಿ. ಶಸ್ತ್ರಕ್ರಿಯೆ ಮಾಡಿದ ವೈದ್ಯರಿಗೇ ತೋರಿಸಿರಿ.

ಜ್ವರ, ದಿನದಿಂದ ದಿನಕ್ಕೆ ಕಡಿಮೆಯಾಗುವ ಬದಲು ಹೆಚ್ಚುವ ಹೊಟ್ಟೆನೋವು, ವಾಂತಿ, ಹೊಟ್ಟೆ ಉಬ್ಬರ ಇವು ಕಂಡರೆ ಮಾತ್ರ ಆ ಕ್ಷಣವೇ ದವಾಖಾನೆಗೆ ಮರಳಬೇಕು.

ಇನ್ನು ಬಹಳ ಮುಖ್ಯವಾದ ಮಾತು. ಹೊರಗಿನ ಗಾಯ ಚಿಕ್ಕದು, ನೋವು ಬೇಗ ಇಳಿಯುತ್ತದೆ. ಅದರಿಂದಲೇ ಜನ ಮೋಸಹೋಗುತ್ತಾರೆ. ಹತ್ತನೆಯ ದಿನ ‘ಆರಾಮಾಗೇನಿ’ ಎಂದು ಕ್ಯಾನಿಗೆ ಕೈ ಹಾಕುತ್ತಾರೆ. ರಂಧ್ರ ಸಣ್ಣದಾದರೂ ಒಳಗಿನ ತೇಪೆ ದೊಡ್ಡದು. ಅದು ಗೋಡೆಗೆ ಹೆಣೆದುಕೊಳ್ಳಲು ಬೇಕಾದ ವಾರಗಳು ಅಷ್ಟೇ ಬೇಕು. ನಡೆದಾಟ, ಮನೆಯ ಹಗುರ ಕೆಲಸ, ಹಾಲಿನ ಲೆಕ್ಕ ಬರೆಯುವುದು ಒಂದೆರಡು ವಾರಗಳಲ್ಲಿ ಆದೀತು. ಕುಕ್ಕುರುಗಾಲಲ್ಲಿ ಕುಳಿತು ಹಿಂಡುವುದನ್ನು ವೈದ್ಯರನ್ನು ಕೇಳಿಯೇ ಆರಂಭಿಸಿರಿ. ಕ್ಯಾನು, ಮೇವಿನ ಹೊರೆ, ಹಿಂಡಿಯ ಚೀಲ ಇವುಗಳನ್ನು ಸಾಮಾನ್ಯವಾಗಿ ಆರು ವಾರ ಮುಟ್ಟಬಾರದು. ದೊಡ್ಡ ಹರ್ನಿಯಾ ಇದ್ದವರಿಗೆ ವೈದ್ಯರು ಇನ್ನೂ ಹೆಚ್ಚು ದಿನ ಹೇಳಬಹುದು. ಆಮೇಲೂ 40 ಲೀಟರಿನ ಕ್ಯಾನನ್ನು ಒಬ್ಬರೇ ಎತ್ತದೆ ಇಬ್ಬರು ಹಿಡಿಯಿರಿ. ಹೊರೆಯನ್ನು ಎರಡು ಮಾಡಿರಿ. ಎತ್ತುವಾಗ ಮೊಣಕಾಲು ಬಗ್ಗಿಸಿ, ಭಾರವನ್ನು ಮೈಗೆ ಹತ್ತಿರ ಹಿಡಿದು ಎತ್ತಿರಿ.

ಮನೆಯ ಗಂಡಸರಿಗೂ ಒಂದು ಮಾತು. ನಿಮ್ಮ ತಾಯಿ, ಹೆಂಡತಿ, ಸೊಸೆ ಹೊಟ್ಟೆಯ ಉಬ್ಬನ್ನು ಹೇಳಿಕೊಳ್ಳಲು ನಾಚುತ್ತಾರೆ. ಭಾರ ಎತ್ತುವಾಗ ಸೆರಗಿನ ಮೇಲಿಂದ ಹೊಟ್ಟೆಗೆ ಕೈ ಒತ್ತಿ ಹಿಡಿಯುವುದನ್ನು ಕಂಡರೆ ನೀವೇ ಕೇಳಿರಿ. ದವಾಖಾನೆಗೆ ಕರೆದುಕೊಂಡು ಹೋಗಿರಿ. ಆರು ವಾರ ಕ್ಯಾನು ನೀವು ಹೊರಿರಿ. ಆಕಳ ಕೆಚ್ಚಲು ಬಾತರೆ ಒಂದು ಹೊತ್ತೂ ತಡಮಾಡದ ನಾವು, ಆ ಆಕಳನ್ನು ಸಾಕಿದ ಕೈಗಳ ವಿಷಯದಲ್ಲಿ ವರ್ಷಗಟ್ಟಲೆ ತಡಮಾಡುವುದು ಸರಿಯಲ್ಲ.

ವೈದ್ಯರಲ್ಲಿ ಕೇಳತಕ್ಕ ಐದು ಪ್ರಶ್ನೆಗಳು (ಕತ್ತರಿಸಿ ಇಟ್ಟುಕೊಳ್ಳಿರಿ)

1. ನನ್ನ ಹರ್ನಿಯಾ ಯಾವ ಬಗೆ, ಕಂಡಿ ಎಷ್ಟು ಅಗಲ? ಅವಸರವಿದೆಯೆ?
2. ನನಗೆ ದುರ್ಬೀನಿನ ಕ್ರಮ ತಕ್ಕದ್ದೆ, ತೆರೆದದ್ದೆ? ಏಕೆ?
3. ಯಾವ ಜಾಳಿಗೆ ಇಡುತ್ತೀರಿ, ಎಲ್ಲಿ ಇಡುತ್ತೀರಿ?
4. ಒಟ್ಟು ಖರ್ಚೆಷ್ಟು, ಯೋಜನೆಯಲ್ಲಿ ಎಷ್ಟು ಸಿಗುತ್ತದೆ?
5. ನಾನು ಹಾಲು ಹಿಂಡುವುದು ಎಂದಿನಿಂದ, ಕ್ಯಾನು ಎತ್ತುವುದು ಎಂದಿನಿಂದ?